ಏಳರಿಂದ ಏಳೂವರೆಯವರೆಗೆ

ನಮ್ಮೂರಿನಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ತಗಡಿನ ಫಲಕ ಹೊಡೆದಿರುತ್ತದೆ, ಅದರ ಮೇಲೆ ಒಂದು ದೇಶದ ಹೆಸರಿರುತ್ತದೆ. ನಮ್ಮದು ತೊರ್ವಾ. ಎದುರು ಮನೆ, ನಮ್ಮಕ್ಕ ದೇವೀರಮ್ಮನನ್ನು ಕೊಟ್ಟ ಮನೆ, ಸೆಲ್ಮೋರಾ. ದೂರದ ಆ ದೇಶಗಳು ಹೇಗಿರುತ್ತವೋ ಈ ಮನೆಗಳೂ ಹಾಗೇ ಇರಬೇಕು. ಅವು ಒಂದಾದರೆ ಇವೂ ಒಂದಾಗಬೇಕು, ಅವು ಮುನಿಸಿಕೊಂಡರೆ ಇವೂ ಮುಖ ತಿರುಗಿಸಬೇಕು. ಮುತ್ತಾತಂದಿರ ಕಾಲದಿಂದ ಹೀಗೇ ನಡೆದುಬಂದಿದೆ. ನಮ್ಮೂರ ಮಗು ಅಮ್ಮ ಅನ್ನುವ ಹೊತ್ತಿಗೆ ತನ್ನ ಮನೆ ಯಾವ ಯಾವ ಮನೆಯ ಜೊತೆ ಮಾತು ಬಿಟ್ಟಿದೆ ಅನ್ನುವುದನ್ನೂ ಕಲಿತಿರುತ್ತದೆ.

ಹೊರಗಿನವರಿಗೆ ಇದು ಕಷ್ಟ ಅನ್ನಿಸಬಹುದು. ನಮಗೆ ಅಭ್ಯಾಸವಾಗಿತ್ತು. ಕುರ್ಸಾನಕ್ಕೂ ಮೊರೆಂಟಕ್ಕೂ ಯುದ್ಧ ಹತ್ತಿದಾಗ ಆ ಎರಡು ಮನೆಯ ಹೆಂಗಸರು ದಿನಾ ಬೆಳಿಗ್ಗೆ ಹತ್ತು ಗಂಟೆಗೆ ತಾರಸಿ ಹತ್ತಿ, ಒಬ್ಬರಿಗೊಬ್ಬರು ಎದುರಾಗಿ ನಿಂತು ತಟ್ಟೆ ಬಡಿಯುತ್ತಿದ್ದರು. ಕಾಲು ಗಂಟೆ ಬಡಿದು, ಬೆವರು ಒರೆಸಿಕೊಂಡು, ಅನ್ನಕ್ಕಿಡಲು ಇಳಿದುಹೋಗುತ್ತಿದ್ದರು. ಕದನವಿರಾಮ ಆದ ದಿನ ಒಂದು ಲೋಟ ಪಾಯಸ ಅತ್ತ ಹೋಯಿತು, ಒಂದು ಲೋಟ ಇತ್ತ ಬಂತು. ಯಾರದರಲ್ಲಿ ಬೆಲ್ಲ ಕಮ್ಮಿ ಇತ್ತು ಅಂತ ಊರೆಲ್ಲ ಒಂದು ವಾರ ಮಾತಾಡಿಕೊಂಡಿತು.

ಯಾವ ದೇಶ ಯಾವುದರ ಜೊತೆ ಹೇಗಿದೆ ಅಂತ ಹೇಳುವ ಕೆಲಸ ನನ್ನದಾಗಿತ್ತು. ಊರ ಬಾಗಿಲಲ್ಲಿ ಹಳೇ ಸುಂಕದ ಚೌಕಿ ಇದೆ. ಅದಕ್ಕೆ ಯಾವ ಫಲಕವೂ ಇಲ್ಲ, ಅದು ಯಾವ ದೇಶಕ್ಕೂ ಸೇರಿದ್ದಲ್ಲ. ದಿನಾ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ರೇಡಿಯೋದಲ್ಲಿ ಆರೂಮುಕ್ಕಾಲರ ವಾರ್ತೆ ಕೇಳಿ, ಏಳಕ್ಕೆ ಸರಿಯಾಗಿ ಚೌಕಿಯ ಜಗುಲಿಯ ಮೇಲೆ ಕೂತು, ಬಂದವರಿಗೆ ವಾರ್ತೆ ಹೇಳಿ, ಆಮೇಲೆ ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಹೇಳುವವಳು ಅಂತಲೇ ನನ್ನನ್ನು ಕರೆಯುತ್ತಿದ್ದರು. ಚಿಕ್ಕತಾಯಮ್ಮ ಅನ್ನುವ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಏಳೂವರೆಗೆ ಅಲ್ಲಿ ನೇತುಹಾಕಿದ ಕಬ್ಬಿಣದ ತುಂಡಿಗೆ ಒಂದು ಏಟು ಬಿದ್ದರೆ ಅವತ್ತಿನ ಪ್ರಶ್ನೆ ಮುಗಿದಂತೆ.

ಜನ ಕೇಳುತ್ತಿದ್ದ ಪ್ರಶ್ನೆಗಳೋ, ಒಂದಕ್ಕಿಂತ ಒಂದು. ರಾಯಭಾರಿಯನ್ನು ವಾಪಸು ಕರೆಸಿಕೊಂಡಿದ್ದಾರೆ ಅಂದರೆ ಆ ಮನೆಯಿಂದ ತಂದ ಸೊಸೆಯನ್ನು ತವರಿಗೆ ಕಳಿಸಬೇಕೇ? ತಟಸ್ಥ ಅಂದರೆ ಎರಡೂ ಮನೆಯ ಮದುವೆಗೆ ಹೋಗಬಹುದು ಅಂತಲೋ, ಎರಡಕ್ಕೂ ಹೋಗಬಾರದು ಅಂತಲೋ? ನಮ್ಮ ಕೋಳಿ ತಾನಾಗಿ ಅವರ ಹಿತ್ತಲಿಗೆ ಹೋಗಿ ಕಾವಿಗೆ ಕೂತರೆ ಅದು ನಿರಾಶ್ರಿತರ ಲೆಕ್ಕಕ್ಕೆ ಬರುತ್ತದೆಯೇ, ನುಸುಳುಕೋರರ ಲೆಕ್ಕಕ್ಕೆ ಬರುತ್ತದೆಯೇ? ನಾನು ಒಂದಕ್ಕೂ ಗೊತ್ತಿಲ್ಲ ಅಂದವಳಲ್ಲ. ವಾರ್ತೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಇಲ್ಲದ್ದನ್ನು ಇದ್ದದ್ದರ ಜೊತೆ ತೂಗಿ ಹೇಳುತ್ತಿದ್ದೆ. ಊರು ತಲೆಯಾಡಿಸುತ್ತಿತ್ತು. ಗಂಡ ಸತ್ತು ಮಕ್ಕಳಿಲ್ಲದ ಹೆಂಗಸಿಗೆ ಊರು ತಲೆಯಾಡಿಸುವುದೆಂದರೆ ಸಣ್ಣ ವಿಷಯವಲ್ಲ. ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಅನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ರೇಡಿಯೋ ನನ್ನ ಮನೆಯ ಹೆಸರನ್ನೇ ಹೇಳಿತು. ಯಾವುದೋ ದ್ವೀಪದ ವಿಷಯಕ್ಕೆ ತೊರ್ವಾ ಮಾಡಬಾರದ್ದು ಏನೋ ಮಾಡಿತ್ತು. ಸೆಲ್ಮೋರಾ ಮುಂದೆ ನಿಂತು ಅದರ ಮೇಲೆ ನಿಷೇಧ ಹೇರಿತ್ತು, ಉಳಿದ ದೇಶಗಳೆಲ್ಲ ಸಹಿ ಹಾಕಿದ್ದವು. ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ, ಮಾತುಕತೆ ಇಲ್ಲ. ನಾನು ಚೌಕಿಗೆ ಹೋಗಿ ಕೂತು, ದನಿ ನಡುಗದ ಹಾಗೆ ಅಷ್ಟನ್ನೂ ಹೇಳಿದೆ. ಆಗ ಹಿಂದಿನಿಂದ ನಮ್ಮಕ್ಕ ಕೈಯೆತ್ತಿದಳು. ಅದುವರೆಗೂ ಅವಳು ಚೌಕಿಯಲ್ಲಿ ಬಾಯಿ ತೆರೆದವಳೇ ಅಲ್ಲ. ಅಪ್ಪ ನಮ್ಮಿಬ್ಬರನ್ನೂ ಒಂದೇ ಓಣಿಗೆ ಎದುರುಬದುರಾಗಿ ಕೊಟ್ಟಿದ್ದೇ ಬಾಗಿಲಲ್ಲಿ ನಿಂತರೆ ಒಬ್ಬರ ಮುಖ ಒಬ್ಬರಿಗೆ ಕಾಣಲಿ ಅಂತ.

"ಇದು ಅಕ್ಕತಂಗೀರಿಗೂ ಅನ್ವಯಿಸ್ತದಾ?" ಅಂತ ಅಕ್ಕ ಕೇಳಿದಳು.

ವಾರ್ತೆಯಲ್ಲಿ ಅಕ್ಕತಂಗಿಯರ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾಳೆ ಹೇಳುತ್ತೇನೆ ಅನ್ನಬಹುದಾಗಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಏಳಬಹುದಾಗಿತ್ತು. ಊರೆಲ್ಲ ನನ್ನ ಮುಖ ನೋಡುತ್ತಿತ್ತು, ತನ್ನ ಮನೆಯ ವಿಷಯ ಬಂದಾಗ ಇವಳು ಬಾಗುತ್ತಾಳೋ ಇಲ್ಲವೋ ಅಂತ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, "ದೇಶಕ್ಕೆ ಅಕ್ಕತಂಗೀರಿಲ್ಲಮ್ಮ. ಅನ್ವಯಿಸ್ತದೆ" ಅಂದೆ.

ಜನ ಬೆರಗಾದರು. ಎಂಥ ನಿಷ್ಠೆ ಅಂತ ಎಷ್ಟೋ ದಿನ ಹೇಳಿಕೊಂಡರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಅವತ್ತು ಯಾರೂ ನೆನೆಸಿಕೊಳ್ಳಲಿಲ್ಲ. ನನ್ನ ಆ ಒಂದು ಮಾತೇ ಮುಂದಕ್ಕೆ ಕಾನೂನಾಯಿತು. ಅಲ್ಲಿಯತನಕ ಮುನಿದ ಮನೆಗಳಲ್ಲೂ ರಕ್ತಸಂಬಂಧಿಗಳು ಹಿತ್ತಲ ಬಾಗಿಲಿನಿಂದ ಬಂದುಹೋಗುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಅದೂ ನಿಂತಿತು. ಅಣ್ಣತಮ್ಮಂದಿರು, ತಾಯಿಮಕ್ಕಳು, ಎಲ್ಲರೂ ಹೋಗಿಬರುವುದನ್ನು ಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಉಳಿದವರಿಗೆ ಒಂದು ಮನೆಯೋ ಎರಡು ಮನೆಯೋ ಇಲ್ಲದಂತಾದರೆ ನನಗೆ ಇಡೀ ಊರೇ ಇಲ್ಲದಂತಾಯಿತು. ಚೌಕಿ ಯಾರಿಗೂ ಸೇರಿದ್ದಲ್ಲವಾದ್ದರಿಂದ ಹೇಳುವ ಕೆಲಸ ನನ್ನಲ್ಲೇ ಇರಲಿ ಅಂತ ಊರ ಸಮಿತಿಯವರು ತೀರ್ಮಾನಿಸಿದರು. ಹಾಗಾಗಿ ಏಳರಿಂದ ಏಳೂವರೆಯವರೆಗೆ ನಾನು ಮನುಷ್ಯರ ನಡುವೆ ಇರುತ್ತಿದ್ದೆ. ಕಬ್ಬಿಣದ ತುಂಡಿಗೆ ಏಟು ಬೀಳುತ್ತಲೇ ಎದುರಿಗಿದ್ದವರ ಬಾಯಿ ಮುಚ್ಚುತ್ತಿತ್ತು, ಕಣ್ಣು ಬೇರೆ ಕಡೆ ತಿರುಗುತ್ತಿತ್ತು. ಸೊಸೈಟಿ ಅಂಗಡಿಯವನು ನಾನು ಬೆರಳು ತೋರಿಸಿದ್ದನ್ನು ತೂಗಿ ಮುಂದಿಡುತ್ತಿದ್ದ, ನಾಲಿಗೆಯಿಲ್ಲದವನ ಹಾಗೆ. ಹಿಟ್ಟಿನ ಗಿರಣಿ ಒಂದು ಮನೆಯದಾದ್ದರಿಂದ ರಾಗಿಯನ್ನು ನಾನೇ ಬೀಸಿಕೊಳ್ಳುತ್ತಿದ್ದೆ. ಬೀಸುವಾಗ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದೆ. ಕೆಲವು ಸಲ ಕಲ್ಲು ನಿಲ್ಲಿಸಿ, ಯಾರಾದರೂ ಉತ್ತರ ಕೊಡುತ್ತಾರೋ ಏನೋ ಅಂತ ಕಾಯುತ್ತಿದ್ದೆ.

ಅಕ್ಕ ಮಾತ್ರ ಒಂದು ದಿನವೂ ಚೌಕಿ ತಪ್ಪಿಸಲಿಲ್ಲ. ಬಂದವಳು ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದಳು. ಅವಳಿಗೆ ರಾಜಕೀಯ ಅಂದರೆ ತಲೆನೋವು, ಮೊದಲಿನಿಂದಲೂ ಅಷ್ಟೇ. ಆದರೂ ಸೆಲ್ಮೋರಾದಲ್ಲಿ ಗೋಧಿಗೆ ಸುಂಕ ಏರಿದರೆ ತಾನು ಚಪಾತಿಯನ್ನು ತೆಳ್ಳಗೆ ಲಟ್ಟಿಸಬೇಕೋ ಅಂತ ಕೇಳುತ್ತಿದ್ದಳು. ಅವರ ಪ್ರಧಾನಿಗೆ ನೆಗಡಿಯಂತೆ, ಬೆಲ್ಲದ ಕಷಾಯ ಅವರಲ್ಲಿ ಗೊತ್ತಿದೆಯೋ ಇಲ್ಲವೋ ಅಂತ ಕೇಳುತ್ತಿದ್ದಳು. ಜನ ನಗುತ್ತಿದ್ದರು. ನಾನು ನಗದೆ, ಬೇರೆ ಯಾರಿಗೋ ಹೇಳುವ ಹಾಗೆ, ಹೌದಮ್ಮ ಇಲ್ಲಮ್ಮ ಅಂತ ಉದ್ದಕ್ಕೆ ಉತ್ತರ ಎಳೆಯುತ್ತಿದ್ದೆ. ಎರಡು ಮಾತಿನಲ್ಲಿ ಮುಗಿಯುವುದನ್ನು ಇಪ್ಪತ್ತು ಮಾತು ಮಾಡುತ್ತಿದ್ದೆ. ಅವಳು ಕೇಳಿದ್ದನ್ನೇ ಮತ್ತೆ ಕೇಳಿದರೂ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಅಷ್ಟರಲ್ಲೇ ಹದಿನಾಲ್ಕು ವರ್ಷ ಕಳೆದೆವು.

ಈ ವರ್ಷ ಬೇಸಿಗೆ ಶುರುವಿಗೆ ಅಕ್ಕ ಚೌಕಿಗೆ ಬರುವುದು ನಿಂತಿತು. ಮೊದಲ ದಿನ ಹಬ್ಬದ ಕೆಲಸವಿರಬೇಕು ಅಂದುಕೊಂಡೆ. ಮೂರನೆಯ ದಿನ ಎದುರು ಮನೆಗೆ ಡಾಕ್ಟರರ ಮೋಟಾರ್ ಸೈಕಲ್ ಬಂತು. ಐದನೆಯ ದಿನವೂ ಬಂತು, ಆಮೇಲೆ ದಿನಾ ಬರತೊಡಗಿತು. ನಾನು ಬಾಗಿಲಲ್ಲಿ ಕೂತು ಅವರ ಕಿಟಕಿ ನೋಡುತ್ತಿದ್ದೆ. ಯಾರನ್ನು ಕೇಳಲಿ? ಊರಿನವರೆಲ್ಲ ನನ್ನನ್ನು ಕೇಳಬಹುದಿತ್ತು, ನಾನು ಒಬ್ಬರನ್ನೂ ಕೇಳುವ ಹಾಗಿರಲಿಲ್ಲ. ಹೇಳುವವಳು ಕೇಳುವ ಪದ್ಧತಿಯೇ ಇಲ್ಲ.

ಹೀಗೆ ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕನ ಸೊಸೆ ಸುಕನ್ಯ ಚೌಕಿಗೆ ಬಂದಳು. ಅವಳು ಮದುವೆಯಾಗಿ ಬಂದದ್ದೇ ನಿಷೇಧದ ನಂತರ. ನಾನು ಅವಳಿಗೆ ಚಿಕ್ಕತ್ತೆಯಾಗಬೇಕು ಅನ್ನುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ತನ್ನ ಸರದಿ ಬಂದಾಗ ತಲೆ ತಗ್ಗಿಸಿಕೊಂಡೇ ಹೇಳಿದಳು, "ನಮ್ಮತ್ತೆಗೆ ಹುಷಾರಿಲ್ಲ. ಡಾಕ್ಟ್ರು ಕೈಚೆಲ್ಲಿದಾರೆ. ನಿಷೇಧದಲ್ಲಿ ಕಾಯಿಲೆಯವರನ್ನ ನೋಡೋದಕ್ಕೆ ಏನಾದ್ರೂ ರಿಯಾಯಿತಿ ಉಂಟಾ ಅಂತ ಕೇಳ್ಕೊಂಡು ಬಾ ಅಂದ್ರು."

ಅವತ್ತಿನ ವಾರ್ತೆಯಲ್ಲಿ ಇದ್ದದ್ದು ಎಲ್ಲೋ ಹವಾಮಾನದ ಬಗ್ಗೆ ಸಮ್ಮೇಳನ, ಇನ್ನೆಲ್ಲೋ ಮೀನುಗಾರಿಕೆಯ ಒಪ್ಪಂದ. ಜನ ನನ್ನ ಕಡೆ ನೋಡುತ್ತಿದ್ದರು. ಆ ಸಾಲಿನಲ್ಲಿ ನನ್ನ ಉತ್ತರದಿಂದಲೇ ಮಗನ ಮದುವೆಗೆ ಹೋಗದೆ ಉಳಿದ ಅಪ್ಪನಿದ್ದ, ತಾಯಿಯ ಮಣ್ಣಿಗೆ ಹೋಗದೆ ಉಳಿದ ಮಗಳಿದ್ದಳು. ಇಲ್ಲ ಅಂದರೆ ಎಲ್ಲರಿಗೂ ಒಂದೇ ನ್ಯಾಯ ಆಗುತ್ತಿತ್ತು. ಇದೆ ಅಂದರೆ ಮಧ್ಯಾಹ್ನ ಎರಡು ಗಂಟೆಯ ಬಸ್ಸಿಗೆ ಪೇಪರು ಬಂದು ನನ್ನ ಬಣ್ಣ ಬಯಲಾಗುತ್ತಿತ್ತು, ಈ ಅರ್ಧ ಗಂಟೆಯೂ ಕೈಬಿಟ್ಟುಹೋಗುತ್ತಿತ್ತು. ನನಗೆ ಇದ್ದದ್ದೇ ಆ ಅರ್ಧ ಗಂಟೆ.

"ಇದೆ," ಅಂದೆ. "ಇವತ್ತು ಬೆಳಿಗ್ಗೆ ವಾರ್ತೆಯಲ್ಲಿ ಬಂದಿದೆ. ಕಾಯಿಲೆಯವರನ್ನು ನೋಡೋದಕ್ಕೆ ಯಾವ ನಿರ್ಬಂಧವೂ ಇಲ್ಲ. ಎಲ್ಲ ದೇಶಕ್ಕೂ ಅನ್ವಯಿಸ್ತದೆ."

ಆಮೇಲೆ ಅರ್ಧ ಗಂಟೆಯೊಳಗೆ ಊರಿಗೆ ಊರೇ ಕಾಯಿಲೆ ಬಿತ್ತು. ನೆಟ್ಟಗೆ ನಿಂತಿದ್ದವರು ಸೊಂಟ ಹಿಡಿದುಕೊಂಡರು. ಕೆಮ್ಮು ಬಾರದವರು ಕೆಮ್ಮಿದರು. ಹಾಲು ಹಾಕಲು ಹೊರಟಿದ್ದ ಮುದುಕ ಕ್ಯಾನನ್ನು ಅಲ್ಲೇ ಇಟ್ಟು, ತನಗೆ ಎದೆ ನೋಯುತ್ತಿದೆ ಅಂತ ಮಗಳ ಮನೆಗೆ ಹೇಳಿಕಳಿಸಿದ. ಸಮಿತಿಯ ಮುಖ್ಯಸ್ಥ ಮರೀಗೌಡರು, ಎಂಟು ವರ್ಷದಿಂದ ತಮ್ಮನ ಮುಖ ನೋಡದವರು, ಅವನಿಗೆ ಹೋದ ಸಂಕ್ರಾಂತಿಯಲ್ಲಿ ಜ್ವರ ಬಂದಿತ್ತಂತೆ, ವಿಚಾರಿಸಿಕೊಂಡು ಬರುತ್ತೇನೆ ಅಂತ ಚಪ್ಪಲಿ ಮೆಟ್ಟಿಕೊಂಡು ಓಡಿದರು. ನಾನು ಎಲ್ಲರೂ ಹೋಗುವವರೆಗೂ ಕೂತಿದ್ದು, ಆಮೇಲೆ ಮನೆಯ ಹತ್ತಿರ ಬಂದು ಓಣಿ ದಾಟಿದೆ. ಹನ್ನೆರಡು ಹೆಜ್ಜೆ. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಲ ಕಣ್ಣಿನಲ್ಲೇ ನಡೆದಿದ್ದೆನೋ.

ಅಕ್ಕ ನಡುಮನೆಯಲ್ಲಿ ಹಾಸಿಗೆಯ ಮೇಲಿದ್ದಳು. ಅವಳು ಇಷ್ಟು ಸಣ್ಣ ಹೆಂಗಸು ಅಂತ ನನಗೆ ನೆನಪಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಸುಕನ್ಯ ಒಳಗೆ ಹೋದಳು.

"ನಿಜವಾಗ್ಲೂ ವಾರ್ತೇಲಿ ಬಂತಾ?" ಅಂದಳು ಅಕ್ಕ.

ಬಂತು ಅಂದೆ.

"ಸುಳ್ಳುಬುರುಕಿ. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ನಿನ್ನ ಮೂಗು ಬೆವರ್ತದೆ." ಅವಳು ಉಸಿರು ಎಳೆದುಕೊಂಡಳು. ನಾನು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ, ಅವಳ ಕಣ್ಣು ಕೆಂಪಾಯಿತು. "ಇವತ್ತು ಬಂದ ಬುದ್ಧಿ ಅವತ್ತೇ ಬರಬಾರದಾಗಿತ್ತೇನೇ? ನಾನು ಅಷ್ಟು ಜನದ ಎದುರಿಗೆ ಬಾಯಿಬಿಟ್ಟು ಯಾಕೆ ಕೇಳ್ದೆ ಅಂದ್ಕೊಂಡೆ? ನನ್ನ ತಂಗಿ ಅನ್ವಯಿಸಲ್ಲ ಅಂತಾಳೆ, ಎಲ್ಲರ ಬಾಯಿ ಮುಚ್ಚಿಹೋಗ್ತದೆ ಅಂತ ಕೇಳ್ದೆ. ಅವತ್ತು ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಿನಗೆ ಊರು ದೊಡ್ಡದಾಯ್ತು. ಹಾಳಾದವಳೇ, ನಿನಗೆ ಊರು ದೊಡ್ಡದಾಯ್ತು."

ನಾನು ಅತ್ತುಬಿಟ್ಟೆ. ಅವಳ ಕೈಯನ್ನು ಮುಖಕ್ಕೆ ಒತ್ತಿಕೊಂಡು, ಎಷ್ಟೋ ವರ್ಷದಿಂದ ಅಳದೆ ಇದ್ದದ್ದನ್ನೆಲ್ಲ ಅತ್ತೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಊರಲ್ಲಿ ಯಾರೂ ನನಗೆ ಹೇಳಿರಲಿಲ್ಲ, ನಾನೂ ನನಗೆ ಹೇಳಿಕೊಂಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ, ಅತ್ತದ್ದು ಸಾಕು, ಎರಡು ಗಂಟೆಗೆ ಪೇಪರು ಬರುತ್ತದೆ, ಅಷ್ಟರೊಳಗೆ ತಲೆ ಬಾಚು ಅಂದಳು. ನಾನು ಬಾಚಿದೆ. ಬಾಚುವಷ್ಟು ಹೊತ್ತೂ ಅವಳು ನನ್ನ ತಪ್ಪುಗಳನ್ನು ಹೇಳುತ್ತಲೇ ಇದ್ದಳು. ಒಗ್ಗರಣೆ ಸೀಯಿಸುತ್ತೀಯ, ವಾಸನೆ ನಮ್ಮ ಮನೆಯವರೆಗೂ ಬರುತ್ತದೆ. ಆ ನೀಲಿ ಸೀರೆ ಹರಿದು ಚಿಂದಿಯಾಗಿದೆ, ಇನ್ನೂ ತಂತಿಯ ಮೇಲೆ ಹಾಕುತ್ತೀಯ. ದೀಪ ಬೇಗ ಆರಿಸಿಬಿಡುತ್ತೀಯ, ಹುಷಾರಿಲ್ಲವೇನೋ ಅಂತ ನನಗೆ ನಿದ್ದೆ ಬರುವುದಿಲ್ಲ. ಹದಿನಾಲ್ಕು ವರ್ಷ ನಾನು ಯಾರ ಕಣ್ಣಿಗೂ ಬೀಳದೆ ಬದುಕಿದೆ ಅಂದುಕೊಂಡಿದ್ದೆ. ಅವಳು ಒಂದು ದಿನವನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಸುಕನ್ಯ ರಾಗಿ ಗಂಜಿ ತಂದಳು. ಅಕ್ಕ ಎರಡು ಗುಟುಕು ಕುಡಿದು ಲೋಟವನ್ನು ನನ್ನ ಕಡೆ ತಳ್ಳಿದಳು. ಬೇಡ ಅಂದರೆ ಕೇಳಲಿಲ್ಲ. ನಾನು ಕುಡಿದೆ. ಅಷ್ಟು ಹೊತ್ತಿಗೆ ಬಸ್ಸಿನ ಹಾರ್ನ್ ಕೇಳಿಸಿತು.

ಓಣಿಯಲ್ಲಿ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುವ ಸದ್ದು ಬಂತು. ಮರೀಗೌಡರು ಕೈಯಲ್ಲಿ ಪೇಪರು ಹಿಡಿದುಕೊಂಡು ಮನೆಮನೆಯ ಮುಂದೆ ನಿಲ್ಲುತ್ತಾ ಬರುತ್ತಿದ್ದರು. ಸೆಲ್ಮೋರಾದ ಬಾಗಿಲಿಗೆ ಬಂದು ಕೆಮ್ಮಿದರು. ಒಳಗೆ ಕಾಲಿಡಲಿಲ್ಲ. ಅಕ್ಕ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿತ್ತೋ, ನಾನು ಎದ್ದು ಹೋಗುವುದನ್ನು ನೋಡಬಾರದು ಅಂತಲೋ. ನಾನು ಎದ್ದು ಬಂದೆ.

ಸಮಿತಿ ಸಾಯಂಕಾಲವೇ ಸೇರಿತು. ನನ್ನನ್ನು ಯಾರೂ ಬೈಯಲಿಲ್ಲ. ಸುಳ್ಳು ಹೇಳಿದವಳು ಇನ್ನು ಚೌಕಿಯ ಮೆಟ್ಟಿಲು ಹತ್ತುವಂತಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಸಿಕ್ಕಿಸಿ ಹೋದರು. ನನ್ನ ಜಾಗಕ್ಕೆ ಉಗ್ರಪ್ಪ ಮೇಷ್ಟ್ರು ಬಂದರು. ಹೆಸರು ಉಗ್ರಪ್ಪ, ಮನುಷ್ಯ ಹಸುವಿನಂಥವರು. ಪಾಠ ಹೇಳಿ ಹೇಳಿ ಬೆಳೆದ ದನಿ ಮಾತ್ರ ನನ್ನ ಜಗುಲಿಯವರೆಗೂ ಕೇಳುತ್ತದೆ. ಅವರಿಗೆ ಬಿದ್ದ ಮೊದಲ ಪ್ರಶ್ನೆಯೇ ಆ ದಿನದ್ದು. ಅವತ್ತು ತಮ್ಮ ಕೊಟ್ಟ ಹುಂಜವನ್ನು ಏನು ಮಾಡಬೇಕು, ಮಗಳು ಉಡಿಸಿದ ಸೀರೆಯನ್ನು ಏನು ಮಾಡಬೇಕು? ಮೇಷ್ಟ್ರು ಎರಡು ದಿನ ಸಮಯ ಕೇಳಿ, ಸಮಿತಿಯವರ ಜೊತೆ ಕೂತು, ಉತ್ತರ ಬರೆದುಕೊಂಡು ಬಂದು ಓದಿದರು. ಆ ದಿನ ಏಳೂವರೆಯಿಂದ ಎರಡು ಗಂಟೆಯವರೆಗೆ ನಡೆದದ್ದು ನಡೆದಿಲ್ಲವೆಂದು ತಿಳಿಯತಕ್ಕದ್ದು. ಕೊಟ್ಟದ್ದನ್ನು, ತೆಗೆದುಕೊಂಡದ್ದನ್ನು ಹಿಂದಿರುಗಿಸತಕ್ಕದ್ದು. ಹಿಂದಿರುಗಿಸುವುದು ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ.

ಅದಾದ ಮರುದಿನ ಬೆಳಗಿನ ಜಾವ ಎದುರು ಮನೆಯಲ್ಲಿ ಅಳುವ ಸದ್ದಾಯಿತು. ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಜನ ಬಂದರು, ಚಟ್ಟ ಕಟ್ಟಿದರು, ಅಕ್ಕನನ್ನು ನನ್ನ ಮುಂದೆಯೇ ಎತ್ತಿಕೊಂಡು ಹೋದರು. ನಾನು ಬಾಚಿದ ಜಡೆ ಹಾಗೇ ಇತ್ತು. ಹೆಗಲು ಕೊಟ್ಟವರು ನನ್ನ ಬಾಗಿಲ ಮುಂದೆ ಸ್ವಲ್ಪ ನಿಧಾನ ಮಾಡಿದರು ಅನ್ನಿಸಿತು, ಇರಲಿಕ್ಕಿಲ್ಲ. ಆಮೇಲೆ ಓಣಿ ಖಾಲಿಯಾಯಿತು. ನಾನು ಒಲೆ ಹಚ್ಚದೆ ಎಷ್ಟು ದಿನ ಕೂತಿದ್ದೆನೋ ಗೊತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ದನಿ ಕೇಳಿಸುತ್ತಿತ್ತು, ಏಳೂವರೆಗೆ ಕಬ್ಬಿಣದ ಸದ್ದು. ಅದರ ನಂತರ ಮಾರನೆಯ ದಿನದವರೆಗೆ ಏನೂ ಇಲ್ಲ.

ಹನ್ನೊಂದನೆಯ ದಿನ ಎದುರು ಮನೆಯ ಮುಂದೆ ಚಪ್ಪರ ಹಾಕಿದರು. ಅಕ್ಕನಿಗೆ ಎಡೆ ಇಡುವ ದಿನ. ಊರಿನ ನೆಂಟರೆಲ್ಲ ಅವಳಿಗೆ ಇಷ್ಟವಾದದ್ದನ್ನು ಒಂದೊಂದು ಮಾಡಿಕೊಂಡು ತಂದು ಒಪ್ಪಿಸುತ್ತಿದ್ದರು. ಒಡಹುಟ್ಟಿದವಳು ನಾನು ಬರಿಗೈಯಲ್ಲಿ ಕೂತಿದ್ದೆ. ಆಗ ಮರೀಗೌಡರು ಪಟ್ಟಿ ಹಿಡಿದುಕೊಂಡು ಬಂದರು. ಅವರು ಹಿಂದಿರುಗಿಸುವವರ ಹೆಸರು ಬರೆದುಕೊಳ್ಳುತ್ತಾ ಮನೆಮನೆ ತಿರುಗುತ್ತಿದ್ದರು. ಸಮಿತಿಯ ಕೆಲಸವಾದ್ದರಿಂದ ನನ್ನ ಜೊತೆ ಮಾತಾಡಬಹುದಿತ್ತು. ಕಾಗದದಿಂದ ಕಣ್ಣೆತ್ತದೆ, ಆ ದಿನ ಆ ಮನೆಯಿಂದ ಏನೇನು ತಗೊಂಡಿರಿ ಅಂತ ಕೇಳಿದರು.

"ಬೈಸ್ಕೊಂಡೆ," ಅಂದೆ.

ಅವರ ಪೆನ್ನು ನಿಂತಿತು.

"ನಮ್ಮಕ್ಕ ನನ್ನನ್ನ ಬೈದ್ಲು, ಗೌಡರೇ. ಬಾಯಿ ತುಂಬ ಬೈದ್ಲು. ಅದನ್ನ ನಾನು ವಾಪಸ್ ಕೊಡಲ್ಲ, ನಿಮ್ಮ ಸಮಿತಿ ಏನಾದ್ರೂ ಮಾಡ್ಕೊಳ್ಳಲಿ."

ಅವರು ಎದುರು ಮನೆಯ ಚಪ್ಪರ ನೋಡಿದರು, ನನ್ನ ತಣ್ಣಗಿದ್ದ ಒಲೆ ನೋಡಿದರು. ಆಮೇಲೆ ಮೆಲ್ಲಗೆ, ತಿನ್ನೋದು ಕುಡಿಯೋದು ಏನಾದರೂ ಇದ್ದರೆ ನೆನಪು ಮಾಡಿಕೊಳ್ಳಿ, ಅದನ್ನು ಇವತ್ತೇ ಆ ಮನೆಗೆ ತಲುಪಿಸಲೇಬೇಕಾಗುತ್ತದೆ, ನಿಯಮ ಹಾಗಿದೆ ಅಂದರು.

ಅವರು ಏನು ಹೇಳುತ್ತಿದ್ದಾರೆ ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ, ಒಂದು ಲೋಟ ರಾಗಿ ಗಂಜಿ ಅಂತ ಬರೆಸಿದೆ.

ಅವರು ಹೋದ ಮೇಲೆ ರಾಗಿ ಬೀಸಿ, ಒಲೆ ಹಚ್ಚಿ, ಗಂಟು ಕಟ್ಟದ ಹಾಗೆ ತಿರುವುತ್ತಾ ಗಂಜಿ ಕಾಯಿಸಿದೆ. ಲೋಟಕ್ಕೆ ಬಗ್ಗಿಸಿ, ಸೆರಗಿನಲ್ಲಿ ಹಿಡಿದುಕೊಂಡು ಓಣಿ ದಾಟಿದೆ. ಚಪ್ಪರದಲ್ಲಿದ್ದವರು ಸರಿದು ದಾರಿ ಬಿಟ್ಟರು. ಸುಕನ್ಯ ಬಾಗಿಲಿಗೆ ಬಂದು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡಳು. ನಾನು ಹೊಸ್ತಿಲ ಹೊರಗೇ ನಿಂತು ನೋಡಿದೆ. ಅವಳು ಒಳಗೆ ಹೋಗಿ, ಎಲೆಯ ಮೇಲಿದ್ದ ಒಬ್ಬಟ್ಟು ವಡೆಗಳನ್ನು ಆಚೆ ಸರಿಸಿ, ಅಕ್ಕನ ಫೋಟೋದ ಮುಂದೆ ಗಂಜಿಯ ಲೋಟ ಇಟ್ಟಳು.